ಮೊದಲ ತಾಕಿಗೇ ಉರುಳಬೇಕಾದ ಸೇರು

ಗಿರಿಜಕ್ಕ ಯಾರ ಮನೆಗೆ ಹೋದರೂ ಮೊದಲು ಮಾತನಾಡಿಸುವುದು ಮನೆಯವರನ್ನಲ್ಲ, ಅವರ ಮೆಟ್ಟಿಲನ್ನು. ಬೂಟು ಬಿಚ್ಚಿ ಒಳಗೆ ಬಂದವರೇ ಮೇಲಂತಸ್ತಿಗೆ ಹೋಗುವ ಮೆಟ್ಟಿಲಿನ ಹತ್ತಿರ ನಿಂತು, ಕಟಕಟೆಗೆ ಸಾಲಾಗಿ ನಿಲ್ಲಿಸಿದ ಮರದ ಕಂಬಿಗಳ ಮೇಲೆ ಬೆರಳಾಡಿಸುತ್ತಾರೆ. ನಡುವೆ ಒಂದು ಉಬ್ಬು, ಅದರ ಕೆಳಗೆ ಎರಡು ಬಳೆ, ಆಮೇಲೆ ಸಣ್ಣಗಾಗುತ್ತ ಹೋಗುವ ಕಾಲು. "ಇವು ನಮ್ಮವು ನೋಡು," ಎನ್ನುತ್ತಾರೆ. ಇಲ್ಲವೆ ಮೂಗು ಮುರಿದು, "ಹೊರಗಿನ ಮಾಲು. ಬಳಿ ಹೆಂಗ ಮೊಂಡ ಅದಾವ, ನೋಡು," ಎಂದು ಮನೆಯವರಿಗೆ ಕೇಳುವಂತೆಯೇ ಹೇಳಿಬಿಡುತ್ತಾರೆ.

ರೆಕ್ಸ್‌ಡೇಲ್‌ನಲ್ಲಿ ಮೆಟ್ಟಿಲಿನ ಸಾಮಾನು ಮಾಡುವ ಒಂದು ಕಾರ್ಖಾನೆಯಲ್ಲಿ ಅವರು ಇಪ್ಪತ್ತೊಂದು ವರ್ಷ ದುಡಿದರು. ಸೇರಿದ್ದು ಮರದ ಹೊಟ್ಟು ಗುಡಿಸುವುದಕ್ಕೆ. ಒಂದು ಚಳಿಗಾಲ, ಮರವನ್ನು ಗರಗರ ತಿರುಗಿಸಿ ಕಡೆಯುವ ಲೇಥು ನಡೆಸುತ್ತಿದ್ದವನು ಜಾರಿ ಬಿದ್ದು ಮೊಣಕೈ ಮುರಿದುಕೊಂಡ. ಎರಡು ದಿನದ ಮಟ್ಟಿಗೆ ಎಂದು ಇವರನ್ನು ಅಲ್ಲಿ ನಿಲ್ಲಿಸಿದರು. ಆಮೇಲೆ ಅಲ್ಲಿಂದ ಯಾರೂ ಇಳಿಸಲಿಲ್ಲ. ದಿನಕ್ಕೆ ಮುನ್ನೂರು ಕಂಬಿ, ಒಂದರಂತೆ ಇನ್ನೊಂದು. ಮಿಸಿಸಾಗಾದ ಅರ್ಧ ಜನ ಮಲಗುವ ಕೋಣೆಗೆ ಹೋಗುವಾಗ ಗಿರಿಜಕ್ಕನ ಕೈಕೆಲಸ ಹಿಡಿದುಕೊಂಡೇ ಮೆಟ್ಟಿಲು ಹತ್ತುತ್ತಾರೆ ಎನ್ನುವುದು ಅವರ ಲೆಕ್ಕ. ಎರಿನ್ ಮಿಲ್ಸ್‌ನ ಅವರ ಸ್ವಂತ ಮನೆಯ ಕಂಬಿಗಳು ಮಾತ್ರ ಹೊರಗಿನ ಮಾಲು. ಅದನ್ನು ನೆನಪಿಸಿದರೆ ಮಾತು ತಿರುಗಿಸುತ್ತಾರೆ.

ಆ ಮನೆಯ ಬೇಸ್‌ಮೆಂಟಿನಲ್ಲಿ ನಾನು ಮೂರು ವರ್ಷದಿಂದ ಬಾಡಿಗೆಗಿದ್ದೇನೆ. ಹಿರೇಕೆರೂರಿನ ಹತ್ತಿರದ ಹಳ್ಳಿಯಿಂದ ಈ ಚಳಿಯ ದೇಶಕ್ಕೆ ಓದಲು ಬಂದೆ. ಓದು ಮುಗಿದು ಕೆಲಸ ಸಿಕ್ಕ ಮೇಲೂ ಮನೆ ಬದಲಾಯಿಸಲಿಲ್ಲ. ಭಾನುವಾರದ ಜೋಳದ ರೊಟ್ಟಿ ಅದಕ್ಕೆ ಒಂದು ಕಾರಣ. ಗ್ಯಾರೇಜಿನಿಂದ ಬರುವ ಹಸಿ ಮರದ ವಾಸನೆ ಇನ್ನೊಂದು.

ಕಾರ್ಖಾನೆ ಮುಚ್ಚಿದ ವರ್ಷವೇ ಗಿರಿಜಕ್ಕ ಒಶಾವಾದಲ್ಲಿ ಕಾರು ಕಟ್ಟುವ ಕೆಲಸದಿಂದ ನಿವೃತ್ತನಾದ ಮುದುಕನೊಬ್ಬನಿಂದ ಹಳೆಯ ಲೇಥು ಕೊಂಡು ತಂದರು. ಒಂದರಲ್ಲೇ ನಾಲ್ಕು ಕೆಲಸ ಮಾಡುವ ಯಂತ್ರ ಅದು. ಮರ ಕಡೆಯುತ್ತದೆ, ತೂತು ಕೊರೆಯುತ್ತದೆ, ಉಜ್ಜುತ್ತದೆ, ಹೊಳಪು ಕೊಡುತ್ತದೆ. ಗಂಡ ಶಂಕರಪ್ಪ ಶಾಲಾ ಬಸ್ಸು ಓಡಿಸುತ್ತಾರೆ. ಲೇಥು ಒಳಗೆ ಬಂದ ದಿನ ಅವರ ಕಾರು ಹೊರಗೆ ಹೋದದ್ದು ಇನ್ನೂ ಗ್ಯಾರೇಜಿಗೆ ವಾಪಸು ಬಂದಿಲ್ಲ. "ಹಿಮಾ ಬಿದ್ದಾಗ ಗಾಜು ಕೆರೆಯೂದು ನಾನು, ಬೆಚ್ಚಗ ಮಲಗೂದು ಮಷೀನು," ಎಂದು ಅವರು ಪ್ರತಿ ಚಳಿಗಾಲದಲ್ಲೂ ಹೇಳುತ್ತಾರೆ.

ಆ ಯಂತ್ರದ ಮೇಲೆ ಗಿರಿಜಕ್ಕ ಲಟ್ಟಣಿಗೆ ಮಾಡಿದರು, ಕಡಗೋಲು ಮಾಡಿದರು, ಬುಗುರಿ ಮಾಡಿದರು. ನಮ್ಮ ಕಡೆಯವರ ಮನೆಗಳಲ್ಲಿ ಅವರ ಲಟ್ಟಣಿಗೆ ಇಲ್ಲದ ಅಡುಗೆಮನೆ ಸಿಗುವುದು ಕಷ್ಟ. ಆದರೆ ಎಲ್ಲವೂ ಗಟ್ಟಿ ಸಾಮಾನು. ಹೊರಗಿನಿಂದ ಕಡೆದದ್ದು. ಒಳಗೆ ಟೊಳ್ಳಿರುವ ಒಂದು ವಸ್ತುವನ್ನೂ ಅವರು ಜೀವನದಲ್ಲಿ ಮಾಡಿರಲಿಲ್ಲ, ಹೋದ ವರ್ಷ ಮಗ ಭರತೇಶನ ಮದುವೆ ಗೊತ್ತಾಗುವವರೆಗೆ.

ಹುಡುಗಿಯ ಹೆಸರು ಪ್ರಕೃತಿ. ತುಮಕೂರಿನವಳು, ಒಶಾವಾದಲ್ಲಿ ಒಂದು ಪ್ರಯೋಗಾಲಯದಲ್ಲಿ ಕೆಲಸ. ಮಾತುಕತೆ ಮುಗಿದ ಮೇಲೆ ಆಕೆ ಮೊದಲ ಸಲ ಮನೆಗೆ ಬಂದಾಗ ಚಹಾ ಕುಡಿಯುತ್ತ ಕೇಳಿದಳು:

"ಅತ್ತೆ, ನಿಮ್ಮ ಕಡೇನೂ ಹೊಸಿಲ ಮೇಲೆ ಸೇರು ಇಟ್ಟು ಒದಿಸ್ತೀರಾ?"

ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಡುತ್ತಾರೆ. ಆಕೆ ಬಲಗಾಲಿನ ಹೆಬ್ಬೆರಳಿನಿಂದ ಅದನ್ನು ಉರುಳಿಸಿ, ಚೆಲ್ಲಿದ ಅಕ್ಕಿಯ ಮೇಲೆ ಒಳಗೆ ಬರುತ್ತಾಳೆ. ಅಕ್ಕಿ ದೂರ ಹರಿದಷ್ಟೂ ಮನೆಗೆ ಒಳ್ಳೆಯದು. ಗಿರಿಜಕ್ಕ ಉತ್ತರವಾಗಿ ತಮ್ಮ ಬಲಗಾಲಿನ ಕಾಲ್ಚೀಲ ಬಿಚ್ಚಿ ಹೆಬ್ಬೆರಳು ತೋರಿಸಿದರು. ಉಗುರು ಇವತ್ತಿಗೂ ಸೊಟ್ಟ.

ಆ ಕಥೆ ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೂವತ್ತೆರಡು ವರ್ಷದ ಹಿಂದೆ ರೋಣದ ಹತ್ತಿರದ ಊರಲ್ಲಿ ಗಿರಿಜಕ್ಕ ಸೊಸೆಯಾಗಿ ಹೊಸ್ತಿಲಿಗೆ ಬಂದಾಗ ಅಲ್ಲಿದ್ದದ್ದು ಗಂಡನ ಮನೆಯ ಹಳೆಯ ಸೇರು. ದಪ್ಪ ಹಿತ್ತಾಳೆ, ಬುಡಕ್ಕೆ ಕಬ್ಬಿಣದ ಪಟ್ಟಿ, ಬಾಯಿ ಅಗಲ, ತಳ ಅದಕ್ಕಿಂತ ಅಗಲ. ಹಗುರಾಗಿ ತಾಕಿಸು ಎಂದಿದ್ದರು, ತಾಕಿಸಿದರು. ಅದು ಅಲುಗಲಿಲ್ಲ. ಇನ್ನೊಮ್ಮೆ ತಾಕಿಸಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೂರನೆಯ ಸಲ ಸಿಟ್ಟಿನಿಂದ ಒದ್ದಾಗ ಸೇರು ಉರುಳಿತು, ಜೊತೆಗೆ ಉಗುರೂ ಕಿತ್ತುಬಂತು. ಹೊಸ ಸೊಸೆ ಕಣ್ಣೀರು ಹಾಕುತ್ತ ಕುಂಟುತ್ತ ಮನೆ ತುಂಬಿದಳು. ಅತ್ತೆ ದ್ಯಾಮವ್ವ ವರ್ಷಗಟ್ಟಲೆ ಅದನ್ನು ಆಡಿಕೊಂಡರು.

"ನಿನಗ ಹಂಗ ಆಗೂದಿಲ್ಲವಾ," ಎಂದರು ಗಿರಿಜಕ್ಕ ಪ್ರಕೃತಿಗೆ. "ನಾನ ಕಡೀತೀನಿ, ಮರದ ಸೇರು. ನಿನ್ನ ಹೆಬ್ಬಟ್ಟು ತಾಕಿತು ಅಂದ್ರ ಬೀಳಬೇಕು. ಮೊದಲನೇ ಸಲಕ್ಕ. ಇದು ನನ್ನ ಮಾತು."

"ಬೀಳ್ದಿದ್ರೆ?"

"ಬೀಳದಿದ್ದರ ನಾನು ಲೇಥು ಮಾರತೀನಿ."

ಶಂಕರಪ್ಪ ಚಹಾದ ಕಪ್ಪು ಕೆಳಗಿಟ್ಟು ಕೈ ಮುಗಿದರು. "ದೇವರ, ಅದು ಬೀಳದಂಗ ಮಾಡಪಾ. ನನ್ನ ಕಾರು ಒಳಗ ಬರಲಿ."

ಗಿರಿಜಕ್ಕನ ಮನಸ್ಸಿನಲ್ಲಿ ಸೇರಿನ ಆಕಾರ ಆಗಲೇ ಸಿದ್ಧವಾಗಿತ್ತು. ಸಣ್ಣ ಪಾದ, ಮೇಲೆ ದುಂಡು ಹೊಟ್ಟೆ, ಅದರ ಮೇಲೆ ಕಿರಿದಾದ ಬಾಯಿ. ಭಾರವೆಲ್ಲ ಮೇಲಿದ್ದರೆ ಬೇಗ ಉರುಳುತ್ತದೆ. ಬಾಯಿ ಕಿರಿದಾಗಿದ್ದರೆ ಅಕ್ಕಿ ಗುಡ್ಡೆಯಾಗಿ ಬೀಳದೆ ಹರಿಯುತ್ತ ಹೋಗುತ್ತದೆ. ಆದರೆ ಕಿರಿದಾದ ಬಾಯಿಯೊಳಗಿಂದ ಅಗಲವಾದ ಹೊಟ್ಟೆಯನ್ನು ಕೊರೆಯಲು ಸಾಮಾನ್ಯ ಉಳಿ ಸಾಲದು. ಅದಕ್ಕೇ ಬೇರೆ ಉಪಕರಣವಿದೆ. ಕೀಲುಗಳಿರುವ ಕಬ್ಬಿಣದ ತೋಳು, ತುದಿಯಲ್ಲಿ ಬಾಗಿದ ಸಣ್ಣ ಅಲಗು, ಕೆಳಗೆ ಯಂತ್ರಕ್ಕೆ ಸಿಕ್ಕಿಸುವ ದುಂಡನೆಯ ಗೂಟ. ಗಿರಿಜಕ್ಕ ತರಿಸಿದ ಪೆಟ್ಟಿಗೆ ಬಂದ ದಿನ ತೆಗೆದು ನೋಡಿದರೆ ಉದ್ದ ಕತ್ತು, ಚೂಪು ಮೂತಿ. ಅದಕ್ಕೆ ಕೊಕ್ಕರೆ ಎಂದು ಹೆಸರಿಟ್ಟರು.

ಕೊಕ್ಕರೆಗಿಂತ ಮೊದಲು ಸೆಪ್ಟೆಂಬರಿನಲ್ಲಿ ದ್ಯಾಮವ್ವ ಬಂದಿದ್ದರು. ಎಂಬತ್ಮೂರು ವರ್ಷ, ಮೊಮ್ಮಗನ ಮದುವೆ ನೋಡಲು ಎರಡು ವಿಮಾನ ಬದಲಿಸಿ ಬಂದವರು. ಕೋಣೆಗೆ ಹೋಗಿ ಟ್ರಂಕು ತೆಗೆದವರೇ ಸೀರೆಗಳ ನಡುವಿನಿಂದ ಹಳೆಯ ಸೇರನ್ನು ಎತ್ತಿ ಊಟದ ಮೇಜಿನ ಮೇಲೆ ಕುಕ್ಕಿದರು. ಮೇಜು ನಡುಗಿತು.

"ಏರ್‌ಪೋರ್ಟಿನ್ಯಾಗ ಇದನ್ನ ಮೂರು ಮಂದಿ ಹಿಡಕೊಂಡು ನೋಡಿದ್ರು," ಎಂದರು ಹೆಮ್ಮೆಯಿಂದ. "ಇದೇನು ಅಂದ್ರು. ಸೊಸಿ ಒದಿಯೂದು ಅಂದೆ. ಬಿಟ್ಟುಬಿಟ್ರು."

ಗಿರಿಜಕ್ಕ ಅದನ್ನು ನೋಡಿ ಕಾಲ ಬೆರಳು ಮಡಚಿಕೊಂಡರು. ಆಮೇಲೆ ಮರದ ಸೇರಿನ ವಿಷಯ ಹೇಳಿದರು. "ಸಣ್ಣ ಕಾಲು, ದೊಡ್ಡ ಹೊಟ್ಟಿ, ಸಣ್ಣ ಬಾಯಿ ಅತ್ತಿಯವರ."

"ಅಂದ್ರ ನಮ್ಮವ್ವನ ಹಂಗ," ಎಂದರು ಶಂಕರಪ್ಪ.

"ಬಾಯಿ ಸಣ್ಣದು ಅಂದಾಳ, ನಾ ಅಲ್ಲ ಬಿಡು," ಎಂದರು ದ್ಯಾಮವ್ವ. ಒಂದು ಕ್ಷಣ ಯೋಚಿಸಿ ಷರತ್ತು ಹಾಕಿದರು: "ನೋಡಬೇ ಗಿರಿಜಾ, ಇದರಾಗ ಹಿಡಿಯೂ ಅಷ್ಟು ಅಕ್ಕಿ ಅದರಾಗ ಹಿಡೀಬೇಕು. ಇಲ್ಲಂದ್ರ ಅದು ಸೇರಲ್ಲ, ಚಾ ಕುಡಿಯೂ ಕಪ್ಪು. ಮದುವಿ ದಿನದ ತನಕ ಆಗಲಿಲ್ಲ ಅಂದ್ರ ಹೊಸ್ತಿಲಕ್ಕ ಇದ ಬರತೈತಿ."

ಹೀಗೆ ಪಂದ್ಯ ಗೊತ್ತಾಯಿತು. ಭರತೇಶ ನಾಲ್ಕು ವರ್ಷದವನಿದ್ದಾಗ ಈ ದೇಶಕ್ಕೆ ಬಂದವನು. "ಅಮ್ಮಾ, ಇಟ್ಸ್ ಜಸ್ಟ್ ಅ ಕಪ್, ಯಾವುದಾದ್ರೂ ಓಕೆ," ಎಂದು ಹೇಳಿ ಅಜ್ಜಿಯಿಂದಲೂ ಅಮ್ಮನಿಂದಲೂ ಒಟ್ಟಿಗೆ ಬೈಸಿಕೊಂಡ. ಆ ಇಬ್ಬರೂ ಒಂದಾದ ವಿಷಯ ಅದೊಂದೇ.

ಅಕ್ಟೋಬರಿನಲ್ಲಿ ಆಯುಧ ಪೂಜೆ ಬಂತು. ಗ್ಯಾರೇಜಿನಲ್ಲಿ ಪೂಜೆಯ ಯಜಮಾನಿಕೆ ದ್ಯಾಮವ್ವನದು. ಲೇಥಿಗೆ ಕೊಬ್ಬರಿ ಎಣ್ಣೆ ಸವರಿ, ವಿಭೂತಿ ಬಳಿದು, ಚೆಂಡು ಹೂ ಏರಿಸಿ, ಅಕ್ಷತೆ ಹಾಕಿದರು. ಆ ದಿನ ಬಿಸಿಲಿತ್ತು, ಬಾಗಿಲು ತೆರೆದಿತ್ತು. ಶಂಕರಪ್ಪನವರ ಬಸ್ಸಿನ ಕೀಲಿಕೈಗೂ ಕುಂಕುಮ ಬಿತ್ತು. ನನ್ನ ಲ್ಯಾಪ್‌ಟಾಪಿಗೂ ಎಣ್ಣೆ ಹಚ್ಚುವುದರಲ್ಲಿದ್ದರು, ನಾನು ಕೈ ಹಿಡಿದು ತಪ್ಪಿಸಿದೆ.

ಮದುವೆ ನವೆಂಬರಿನ ಒಂದು ಭಾನುವಾರ. ಸೇರು ಮಾಡಲು ಗಿರಿಜಕ್ಕನ ಬಳಿ ಚೆನ್ನಾಗಿ ಒಣಗಿದ ಮೇಪಲ್ ತುಂಡುಗಳು ಎರಡೇ ಇದ್ದವು, ಪಕ್ಕದ ಮನೆಯ ಅಂಗಳದಲ್ಲಿ ಬಿದ್ದ ಮರದವು, ಮೂರು ವರ್ಷ ಒಣಗಿಸಿದವು. ಕೊಕ್ಕರೆಯ ಪೆಟ್ಟಿಗೆ ತಡವಾಗಿ, ಮದುವೆಯ ವಾರದಲ್ಲೇ ಬಂತು. ಅಷ್ಟರಲ್ಲಿ ಎರಡೂ ತುಂಡುಗಳ ಹೊರಮೈಯನ್ನು ಅವರು ಕಡೆದು ಮುಗಿಸಿದ್ದರು. ನೋಡಲು ಎರಡೂ ಚಂದ. ಎತ್ತಿದರೆ ಕಲ್ಲು.

ಗುರುವಾರ ಮಧ್ಯಾಹ್ನ ನಾನು ರಜೆ ಹಾಕಿ ಗ್ಯಾರೇಜಿನಲ್ಲಿ ನಿಂತಿದ್ದೆ. ಕೊಕ್ಕರೆಯ ಜೊತೆ ಬಂದ ಪುಸ್ತಿಕೆ ಓದಿ ಹೇಳುವುದು ನನ್ನ ಕೆಲಸ. ಮೊದಲು ಯಂತ್ರದ ಹಿಂಬದಿಯ ಆಸರೆಯನ್ನು ತೆಗೆದಿಟ್ಟೆವು. ಆಮೇಲೆ ಉಳಿಗೆ ಒರಗು ಕೊಡುವ ಅಡ್ಡಪಟ್ಟಿಯನ್ನು ಅದರ ತೂತಿನಿಂದ ಎತ್ತಿ, ಅದೇ ತೂತಿಗೆ ಕೊಕ್ಕರೆಯ ಗೂಟ ಇಳಿಸಿದೆವು. ಗೂಟ ಇಳಿದು ನಿಂತಿತು. ಪಕ್ಕದ ತಿರುಪು ಬಿಗಿ ಮಾಡಿದೆವು. ಪುಸ್ತಿಕೆಯ ಪ್ರಕಾರ ಆಗ ಅಲಗಿನ ಮೂತಿ ಮರ ತಿರುಗುವ ನಡುಬಿಂದುವಿಗೆ ಸರಿಸಮ ಬರಬೇಕು. ಬರಲಿಲ್ಲ. ಅಕ್ಕಿಕಾಳಿನ ದಪ್ಪದಷ್ಟು ಮೇಲಿತ್ತು.

"ಗೂಟ ಪೂರ್ತಿ ಕುಂತೈತೇನು?" ಎಂದೆ.

"ಕುಂತೈತಿ. ಇಳೀತು, ನಿಂತಿತು. ಇನ್ನೇನು ಪಾತಾಳಕ್ಕ ಹೋಗತೈತಿ?" ಎಂದರು ಗಿರಿಜಕ್ಕ.

ಶಂಕರಪ್ಪ ಊಟಕ್ಕೆ ಬಂದವರು ಇಣುಕಿ, "ಗೂಟದ ತಳ ಒಂಚೂರು ಉಜ್ಜಿಬಿಡು," ಎಂದರು. ಹೊಸ ಉಪಕರಣವನ್ನು ಉಜ್ಜುವ ಮಾತಿಗೆ ಗಿರಿಜಕ್ಕ ಅವರನ್ನು ಹೊರಗೆ ಕಳಿಸಿದರು. ಇಷ್ಟು ಸಣ್ಣ ವ್ಯತ್ಯಾಸವನ್ನು ಕೈಯಿಂದಲೇ ಸರಿದೂಗಿಸಬಹುದು ಎಂದು ಯಂತ್ರ ಶುರು ಮಾಡಿದರು.

ಮೊದಲ ಹತ್ತು ನಿಮಿಷ ಚೆನ್ನಾಗಿ ನಡೆಯಿತು. ಬಿಳಿ ಹೊಟ್ಟು ಬಾಯಿಯಿಂದ ಹಾರಿಬರುತ್ತಿತ್ತು. ಆಮೇಲೆ ಅಲಗು ನಡುಗಲು ಶುರುವಾಯಿತು, ಮರ ಕಿರುಚತೊಡಗಿತು. ಗಿರಿಜಕ್ಕ ತುಸು ಒತ್ತಿ ಹಿಡಿದರು. ಗೂಟ ತನ್ನಷ್ಟಕ್ಕೆ ಕೂದಲೆಳೆಯಷ್ಟು ಕೆಳಗಿಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಅಲಗು ಮರಕ್ಕೆ ಕಚ್ಚಿಕೊಂಡು ಢಬ್ ಎಂದಿತು. ಸೇರಿನ ಬಾಯಿಯ ಕಾಲು ಭಾಗ ಹಾರಿ ಗೋಡೆಗೆ ಬಡಿಯಿತು.

ಗಿರಿಜಕ್ಕ ಯಂತ್ರ ನಿಲ್ಲಿಸಿ ಹಾರಿದ ಚೂರನ್ನು ಎತ್ತಿಕೊಂಡರು. ಮನೆಯೊಳಗಿನಿಂದ ದ್ಯಾಮವ್ವನ ದನಿ ಬಂತು: "ಬಿತ್ತೇನು ಮೊದಲನೇ ಸಲಕ್ಕ?"

ಆ ಸಂಜೆ ಗಿರಿಜಕ್ಕ ಉಪಕರಣ ಮಾರಿದವರನ್ನು ಬೈದರು, ಒಶಾವಾದ ಮುದುಕನನ್ನು ಬೈದರು, ತಮ್ಮ ಕೈಯನ್ನೇ ಬೈದುಕೊಂಡರು. "ಇಪ್ಪತ್ತೊಂದು ವರ್ಷ ಹೊರಗಿಂದ ಹೊರಗ ಕಡದಾಕಿ ನಾನು. ಒಳಗ ಹೋಗೂ ವಿದ್ಯಾ ನನಗಿಲ್ಲ, ಇಂಚರಾ," ಎಂದರು ನನಗೆ. ಉಪಕರಣದ ಕಂಪನಿಗೆ ನಾನು ಇಮೇಲ್ ಬರೆದೆ. ಒಂದೇ ಸಾಲಿನ ಉತ್ತರ ಬಂತು: ಗೂಟ ತೂತಿನ ತಳ ಮುಟ್ಟಿದೆಯೇ, ದಯವಿಟ್ಟು ನೋಡಿ.

"ಮುಟ್ಟೈತಿ ಅಂತ ಬರಿ," ಎಂದರು ಶಂಕರಪ್ಪ. "ಒಂದ ಮಾತು ಎಷ್ಟು ಸಲ ಕೇಳತಾವ ಇವು."

ಪ್ರಕೃತಿ ಫೋನು ಮಾಡಿದಾಗ ಗಿರಿಜಕ್ಕ ಒಡೆದ ಸುದ್ದಿ ಹೇಳಲಿಲ್ಲ. ಆಕೆ ಮಾತ್ರ ನಗುತ್ತ ಹೇಳಿದಳು: "ಅತ್ತೆ, ನಾನು ದಿನಾ ಪ್ರಾಕ್ಟೀಸ್ ಮಾಡ್ತಿದೀನಿ. ಕಾಫಿ ಕಪ್ಪಲ್ಲಿ ಅಕ್ಕಿ ತುಂಬಿ. ರೂಮ್‌ಮೇಟು ನಂಗೆ ಹುಚ್ಚು ಹಿಡಿದಿದೆ ಅಂತಾಳೆ." ಫೋನು ಇಟ್ಟ ಮೇಲೆ ಗಿರಿಜಕ್ಕ ಊಟದ ಮೇಜಿನ ಮೇಲಿದ್ದ ಹಿತ್ತಾಳೆ ಸೇರನ್ನು ಬಹಳ ಹೊತ್ತು ನೋಡಿದರು.

ಶುಕ್ರವಾರ ಬೆಳಿಗ್ಗೆ ಕೊರೆಯುವ ಚಳಿ. ದ್ಯಾಮವ್ವ ನಡುಮನೆಯಲ್ಲಿ ಬಿಸಿಗಾಳಿ ಬರುವ ಜಾಲರಿಯ ಪಕ್ಕ ಕೂತು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಅದರ ಮೇಲೆ ಹೊರಳಿಸುತ್ತಿದ್ದರು. ಗಟ್ಟಿಯಾಗಿ ಸುಣ್ಣದಂತಾಗಿದ್ದ ಎಣ್ಣೆ ಅಂಚಿನಲ್ಲಿ ಕರಗತೊಡಗಿತ್ತು.

"ಏನು ದೇಶಬೇ ಇದು. ಎಣ್ಣಿ ಸುದ್ದಾ ಕಲ್ಲಾಗತೈತಿ," ಎಂದು ಗೊಣಗಿದರು.

ಗಿರಿಜಕ್ಕ ಚಹಾದ ಪಾತ್ರೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದವರು ನಿಂತರು. ಬಾಟಲಿ ನೋಡಿದರು, ಅತ್ತೆಯನ್ನು ನೋಡಿದರು.

"ಅತ್ತಿಯವರ, ಆಯುಧ ಪೂಜಿ ದಿನ ಮಷೀನಿಗೆ ಎಷ್ಟು ಎಣ್ಣಿ ಹಾಕಿದ್ರಿ?"

"ಹಾಕೂ ಅಷ್ಟು. ಕಬ್ಬಿಣಕ್ಕ ಎಣ್ಣಿ ಉಣಸಬೇಕು."

"ಎಲ್ಲೆಲ್ಲಿ?"

"ಎಲ್ಲಾ ಕಡೆ. ಒಂದು ತೂತು ಇತ್ತು ನೋಡು, ಅದರಾಗ ಒಂದೀಟು ಹೆಚ್ಚ ಹಾಕಿದೆ. ತೂತಿನ್ಯಾಗ ಹಾಕಿದರ ಒಳಗ ಹೊಕ್ಕತೈತಿ."

ಗಿರಿಜಕ್ಕ ಚಹಾದ ಪಾತ್ರೆಯನ್ನು ಮೆಟ್ಟಿಲ ಮೇಲೆಯೇ ಇಟ್ಟು ಗ್ಯಾರೇಜಿಗೆ ಓಡಿದರು.

ತೂತಿನ ತಳ ಮುಚ್ಚಿತ್ತು, ಎಣ್ಣೆಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ದೀಪ ಹಿಡಿದು ನೋಡಿದರೆ ಅಡಿಯಲ್ಲಿ ಬೆಳ್ಳಗೆ, ನುಣ್ಣಗೆ, ಕಬ್ಬಿಣದ ತಳವೇ ಎನ್ನುವಂತೆ ಕಾಣುತ್ತಿತ್ತು. ನನ್ನ ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಬಿಟ್ಟೆವು. ಐದು ನಿಮಿಷದಲ್ಲಿ ತಳ ಹೊಳೆಯಿತು, ಅಲುಗಿತು, ಎಣ್ಣೆಯಾಯಿತು. ಊದಿನಕಡ್ಡಿಗೆ ಅರಳೆ ಸುತ್ತಿ ಅದ್ದಿ ಅದ್ದಿ ತೆಗೆದೆವು. ಮೊದಲು ಎಣ್ಣೆ, ಆಮೇಲೆ ವಿಭೂತಿಯ ಕೆಸರು. ಕೊನೆಗೆ ಒಂದು ಚೆಂಡು ಹೂವಿನ ಎಸಳು ಮತ್ತು ಅಕ್ಷತೆಯ ಏಳು ಕಾಳು ಅಕ್ಕಿ.

ಅಡ್ಡಪಟ್ಟಿಯನ್ನು ಬೇಕಾದ ಎತ್ತರಕ್ಕೆ ನಿಲ್ಲಿಸಿ ಪಕ್ಕದಿಂದ ಬಿಗಿ ಮಾಡಿದರೆ ಸಾಕು, ಅದಕ್ಕೆ ತಳದ ಗೊಡವೆಯೇ ಇಲ್ಲ. ಹಾಗಾಗಿ ಹೊರಮೈ ಕಡೆಯುವಾಗ ಯಾರಿಗೂ ಏನೂ ತಿಳಿದಿರಲಿಲ್ಲ. ಕೊಕ್ಕರೆಯ ಗೂಟ ಮಾತ್ರ ತಳದ ಮೇಲೆಯೇ ಕೂರಬೇಕು. ಅದು ಅಷ್ಟು ಹೊತ್ತು ನಿಂತದ್ದು ಪ್ರಸಾದದ ಮೇಲೆ. ಯಂತ್ರ ನಡುಗಿದಾಗ ಪ್ರಸಾದ ಕುಸಿದಿತ್ತು, ಪಕ್ಕದ ತಿರುಪಿಗೂ ಎಣ್ಣೆ ಹತ್ತಿದ್ದರಿಂದ ಅದು ಗೂಟವನ್ನು ಹಿಡಿದಿರಲಿಲ್ಲ.

ದ್ಯಾಮವ್ವ ಶಾಲು ಹೊದ್ದು ಬಾಗಿಲಿಗೆ ಬಂದು ನಿಂತರು. ಗಿರಿಜಕ್ಕ ಅಂಗೈ ಚಾಚಿ ಏಳು ಕಾಳು ತೋರಿಸಿದರು.

"ದೇವರಿಗೆ ಹಾಕೂದು. ತೂತು ಎಲ್ಲೈತಿ ಅಂತ ನೋಡಿ ಹಾಕ್ತಾರೇನು?" ಎಂದರು ದ್ಯಾಮವ್ವ. ಆಮೇಲೆ, "ಇನ್ನೆರಡು ದಿನ ನಾನು ತಲಿಗೆ ಎಣ್ಣಿ ಹಚ್ಚಿಕೊಳ್ಳದಿದ್ದರ ಗೆದ್ದಿದ್ದೆ," ಎಂದರು. ಮೂವರೂ ನಕ್ಕೆವು. ಗಿರಿಜಕ್ಕ ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಮಸ್ಯೆ ಇದ್ದದ್ದು ತಮ್ಮ ಕೈಯಲ್ಲಲ್ಲ ಎನ್ನುವುದೇ ಅವರಿಗೆ ದೊಡ್ಡ ಸುದ್ದಿ.

ಈ ಸಲ ಗೂಟ ಇಳಿದಾಗ ಕೇಳಿದ್ದು ಬೇರೆ ಸದ್ದು. ಠಣ್. ಕಬ್ಬಿಣ ಕಬ್ಬಿಣಕ್ಕೆ ಕೂತ ಸದ್ದು. ತಿರುಪನ್ನು ಒಣಬಟ್ಟೆಯಿಂದ ಒರೆಸಿ ಬಿಗಿ ಮಾಡಿದರು. ಅಲಗಿನ ಮೂತಿ ನಡುಬಿಂದುವಿನ ಮೊನೆಗೆ ಮೊನೆ ಬಂದು ನಿಂತಿತು, ಎರಡು ಸೂಜಿ ಒಂದನ್ನೊಂದು ನೋಡಿದಂತೆ. ತೋಳನ್ನು ಕೈಯಿಂದ ಆಚೀಚೆ ಆಡಿಸಿ, ಯಂತ್ರ ಚಾಲು ಮಾಡುವ ಮೊದಲು ಮರವನ್ನೂ ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಎಂದು ನೋಡಿದರು. ಉಳಿದ ಒಂದೇ ತುಂಡು ಅದು. ಗಿರಿಜಕ್ಕ ಮುಖಕ್ಕೆ ಗಾಜಿನ ಮುಸುಕು ಎಳೆದುಕೊಂಡು, "ನಡಿ ಕೊಕ್ಕರಿ," ಎಂದು ಗುಂಡಿ ಒತ್ತಿದರು.

ಅದು ನಡೆಯಿತು. ಕಿರುಚಾಟವಿಲ್ಲ, ನಡುಕವಿಲ್ಲ. ಕೇಳುತ್ತಿದ್ದದ್ದು ರೊಟ್ಟಿಯ ಹಿಟ್ಟು ಜರಡಿ ಹಿಡಿದಂಥ ಸದ್ದು. ಒಳಗೆ ಅಲಗು ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಗಿರಿಜಕ್ಕ ಕಣ್ಣು ಮುಚ್ಚಿಕೊಂಡು ಕಿವಿಯಿಂದ ಕೆಲಸ ಮಾಡತೊಡಗಿದರು. ಸೇರಿನ ಗೋಡೆ ದಪ್ಪವಿದ್ದಾಗ ಸದ್ದು ಮಂದ, ತೆಳುವಾದಂತೆ ಏರುತ್ತ ಹೋಗುತ್ತದೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಪುಸ್ತಿಕೆಯಲ್ಲೂ ಇರಲಿಲ್ಲ. ನಾನು ಹುಡುಕಿ ನೋಡಿದೆ. ಮಧ್ಯೆ ಮಧ್ಯೆ ನಿಲ್ಲಿಸಿ, ಸೇರು ಬೋರಲು ಹಾಕಿ ಹೊಟ್ಟು ಸುರಿದು, ಮತ್ತೆ ಶುರು ಮಾಡುತ್ತಿದ್ದರು. ಬಸ್ಸಿನ ಎರಡನೆಯ ಪಾಳಿ ಮುಗಿಸಿ ಶಂಕರಪ್ಪ ಬರುವ ಹೊತ್ತಿಗೆ ನೆಲದಲ್ಲಿ ಪಾದ ಮುಳುಗುವಷ್ಟು ಹೊಟ್ಟಿತ್ತು.

ಶನಿವಾರ ಬೆಳಿಗ್ಗೆ ದ್ಯಾಮವ್ವ ಅಳತೆಗೆ ಕೂತರು. ಹಿತ್ತಾಳೆ ಸೇರಿನ ತುಂಬ ಅಕ್ಕಿ ತುಂಬಿ, ಅಂಗೈಯಿಂದ ಸವರಿ, ಮರದ ಸೇರಿಗೆ ಸುರಿದರು. ಹೊಸದರ ಬಾಯಿ ತುಂಬಿತು, ಹಳೆಯದರ ತಳದಲ್ಲಿ ಒಂದು ಹಿಡಿ ಉಳಿಯಿತು.

"ಕಪ್ಪು," ಎಂದರು ದ್ಯಾಮವ್ವ.

"ಅವ್ವಾ, ಒಂದು ಹಿಡಿ ಬಿಡಬೇ," ಎಂದರು ಶಂಕರಪ್ಪ.

ಬಿಡುವುದಕ್ಕೆ ಗಿರಿಜಕ್ಕನೇ ಒಪ್ಪಲಿಲ್ಲ. ಗೋಡೆ ಆಗಲೇ ಬೆರಳುಗುರಿನ ಅಗಲದಷ್ಟೂ ಇರಲಿಲ್ಲ. ಇನ್ನೂ ಕೊರೆದರೆ ತೂತು ಬಿದ್ದೀತು. ಆದರೂ ಸೇರನ್ನು ಮತ್ತೆ ಯಂತ್ರಕ್ಕೇರಿಸಿದರು. ನಾವೆಲ್ಲ ಬಾಗಿಲಲ್ಲಿ ನಿಂತೆವು. ಸದ್ದು ಏರಿತು, ಇನ್ನೂ ಏರಿತು, ತಂಬಿಗೆಗೆ ಉಗುರು ತಾಗಿಸಿದಂತೆ ಗಿಣ್ ಎನ್ನತೊಡಗಿತು. ಅಷ್ಟಕ್ಕೆ ಕೈ ಹಿಂದೆ ತೆಗೆದರು. ಮತ್ತೆ ಅಳೆದಾಗ ಹಳೆಯ ಸೇರು ಖಾಲಿಯಾಯಿತು, ಒಂದು ಕಾಳೂ ಉಳಿಯಲಿಲ್ಲ. ದ್ಯಾಮವ್ವ ಖಾಲಿ ಸೇರನ್ನು ಬೋರಲು ಹಾಕಿ ಎರಡು ಸಲ ತಟ್ಟಿ ಪರೀಕ್ಷಿಸಿ, "ಸೇರು," ಎಂದು ಒಪ್ಪಿದರು.

ಹೊಳಪಿಗೆ ಜೇನುಮೇಣ ಉಜ್ಜಿದೆವು. ಕೊಬ್ಬರಿ ಎಣ್ಣೆಯನ್ನು ಯಾರೂ ಹತ್ತಿರ ತರಲಿಲ್ಲ. ನಾನು ಒಮ್ಮೆ ಒದ್ದು ನೋಡೋಣವೇ ಎಂದದ್ದಕ್ಕೆ ದ್ಯಾಮವ್ವ ಗದರಿದರು: "ಸೊಸಿಕಿಂತ ಮೊದಲ ಯಾರೂ ಕಾಲು ತಾಕಸಬಾರದು. ನಾಳಿ ಬೀಳದಿದ್ದರ ನಂದು ಬಾಗಿಲ ಹಿಂದ ಇರತೈತಿ." ಹೀಗಾಗಿ ಅದು ಬೀಳುತ್ತದೋ ಇಲ್ಲವೋ ಎನ್ನುವುದು ಭಾನುವಾರದವರೆಗೂ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಮಾಡಿದವರಿಗೂ ಗೊತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮದುವೆ ಮಂಟಪದಿಂದ ಕಾರುಗಳು ಬಂದವು. ಹಿಮದ ನಾಲ್ಕೈದು ಹಳುಕು ಗಾಳಿಯಲ್ಲಿ ಸುತ್ತುತ್ತಿದ್ದವು. ಪ್ರಕೃತಿ ಹಸಿರು ಸೀರೆಯ ಮೇಲೆ ಭರತೇಶನ ದಪ್ಪ ಕೋಟು ಹೊದ್ದು, ಬರಿಗಾಲಲ್ಲಿ ಹೊಸ್ತಿಲ ಮುಂದೆ ನಿಂತು ತಣ್ಣಗಿನ ಕಲ್ಲಿನ ಮೇಲೆ ಕಾಲು ಬದಲಿಸುತ್ತಿದ್ದಳು. ಹೊಸ್ತಿಲ ಮೇಲೆ ಮರದ ಸೇರು, ತುಂಬಿದ ಅಕ್ಕಿ, ಮೇಲೊಂದು ಬೆಲ್ಲದ ಚೂರು. ಗಿರಿಜಕ್ಕ ಆರತಿ ತಟ್ಟೆ ಹಿಡಿದಿದ್ದರು.

"ಹಗುರಾಗಿ ತಾಕಿಸವಾ," ಎಂದರು. ಹೇಳಿದ ಮೇಲೆ, ಅಂದು ತಮಗೂ ಹೀಗೇ ಹೇಳಿದ್ದರು ಎನ್ನುವುದು ನೆನಪಾಗಿ ತುಟಿ ಕಚ್ಚಿಕೊಂಡರು.

ಪ್ರಕೃತಿ ಸೀರೆಯ ನಿರಿಗೆ ಎತ್ತಿ ಬಲಗಾಲು ಮುಂದಿಟ್ಟಳು. ಹೆಬ್ಬೆರಳು ಸೇರಿನ ಹೊಟ್ಟೆಗೆ ತಾಗಿತೋ ಇಲ್ಲವೋ ಎನ್ನುವಷ್ಟು ತಾಗಿತು. ಸೇರು ಆ ಕಡೆ ವಾಲಿತು. ಒಂದು ಕ್ಷಣ ವಾಲಿಕೊಂಡೇ ನಿಂತಿತು. ಆಮೇಲೆ ಅದು ತಲೆಬಾಗಿ, ಮೆಲ್ಲಗೆ, ಸದ್ದೇ ಇಲ್ಲದೆ ಉರುಳಿತು. ಕಿರಿದಾದ ಬಾಯಿಯಿಂದ ಅಕ್ಕಿ ನೀರಿನಂತೆ ಹರಿದು, ಬಾಗಿಲು ದಾಟಿ, ಚಪ್ಪಲಿಗಳ ಸಾಲು ದಾಟಿ, ಮೆಟ್ಟಿಲ ಬುಡದವರೆಗೂ ಹೋಯಿತು. ಹೊಟ್ಟೆ ದುಂಡಗಿದ್ದದ್ದರಿಂದ ಖಾಲಿಯಾದ ಸೇರು ಅಲ್ಲೇ ನಿಲ್ಲಲಿಲ್ಲ. ಅರ್ಧ ಚಂದ್ರಾಕಾರವಾಗಿ ಹೊರಳಿ, ಕುರ್ಚಿಯಲ್ಲಿ ಕೂತಿದ್ದ ದ್ಯಾಮವ್ವನ ಕಾಲ ಬಳಿ ಬಂದು ನಿಂತಿತು.

ಮನೆ ತುಂಬ ಕೂಗು, ಚಪ್ಪಾಳೆ. "ಅತ್ತೇ! ಬಿತ್ತು!" ಎಂದು ಪ್ರಕೃತಿ ಮದುಮಗಳೆನ್ನುವುದನ್ನೂ ಮರೆತು ಕುಣಿದಳು. ಶಂಕರಪ್ಪ, "ಹೋತು, ನನ್ನ ಕಾರು ಹೊರಗ ಉಳೀತು," ಎಂದು ಹಣೆ ಹಣೆ ಬಡಿದುಕೊಂಡು ನಕ್ಕರು.

ದ್ಯಾಮವ್ವ ಬಗ್ಗಿ ಸೇರನ್ನು ಎತ್ತಿಕೊಂಡರು. ತಿರುಗಿಸಿ ನೋಡಿದರು, ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. ಗದ್ದಲ ಕಡಿಮೆಯಾದ ಮೇಲೆ ಹೇಳಿದರು:

"ತುಂಬ್ರಿ ಇದನ್ನ ಇನ್ನೊಮ್ಮೆ."

"ಯಾಕರೀ ಅತ್ತಿಯವರ?" ಎಂದರು ಗಿರಿಜಕ್ಕ.

"ನಾ ಸೊಸಿಯಾಗಿ ಬಂದಾಗ ನನಗ ಹದಿನೈದು ವರ್ಷ. ಆ ಸುಡುಗಾಡು ಸೇರು ನನ್ನ ಉಗರೂ ಕಿತ್ತಿತ್ತು. ನಮ್ಮತ್ತಿ ಬಿದ್ದು ಬಿದ್ದು ನಕ್ಕಿದ್ದಳು."

ಗಿರಿಜಕ್ಕ ತಟ್ಟೆ ಕೆಳಗಿಟ್ಟರು. ಮೂವತ್ತೆರಡು ವರ್ಷದಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ.

"ಮತ್ತ ಗೊತ್ತಿದ್ದೂ ನನಗ್ಯಾಕ ಅದನ್ನ ಇಟ್ಟಿದ್ರಿ?"

"ಇಡದ ಏನ ಮಾಡಲಿ? ಮನ್ಯಾಗ ಇದ್ದದ್ದ ಅದೊಂದು. ನಿನ್ನಂಗ ನನಗ ಕಡಿಯಾಕ ಬರತಿತ್ತೇನು?"

ನೆಲದ ಅಕ್ಕಿಯನ್ನು ಯಾರೂ ಮುಟ್ಟಲಿಲ್ಲ. ಒಳಗಿನಿಂದ ಹೊಸ ಅಕ್ಕಿ ಬಂತು. ಬಾಗಿಲ ಹಿಂದೆ ಕಾದು ನಿಂತಿದ್ದ ಹಿತ್ತಾಳೆ ಸೇರಿಗೂ ಕೊನೆಗೆ ಕೆಲಸ ಸಿಕ್ಕಿತು. ಅದರಲ್ಲಿ ಅಳೆದೇ ಮರದ ಸೇರು ತುಂಬಿದೆವು. ದ್ಯಾಮವ್ವ ಒಂದು ಕೈ ಗಿರಿಜಕ್ಕನ ಭುಜದ ಮೇಲೆ, ಇನ್ನೊಂದು ಪ್ರಕೃತಿಯ ಭುಜದ ಮೇಲೆ ಇಟ್ಟು ಎದ್ದು ನಿಂತರು. ಸೀರೆಯ ಅಂಚು ಎತ್ತಿ, ಸುಕ್ಕುಗಟ್ಟಿದ ಹೆಬ್ಬೆರಳನ್ನು ಸೇರಿಗೆ ತಾಗಿಸಿದರು. ಸೇರು ಉರುಳಿತು. ಅಕ್ಕಿ ಹರಿದು ಶಂಕರಪ್ಪನವರು ಬಿಚ್ಚಿಟ್ಟಿದ್ದ ಬೂಟಿನೊಳಗೆ ಹೊಕ್ಕಿತು. ದ್ಯಾಮವ್ವ ಬಾಯಿ ತುಂಬ ನಕ್ಕರು, ಇದ್ದ ನಾಲ್ಕು ಹಲ್ಲೂ ಕಂಡವು.

"ನಂದೂ ಒಂದು ಪಾಳಿ," ಎಂದರು ಶಂಕರಪ್ಪ.

"ಗಂಡಸರು ಅಕ್ಕಿ ಬಳೀರಿ," ಎಂದು ದ್ಯಾಮವ್ವ ಅವರನ್ನು ಸರಿಸಿ, ಸೇರನ್ನು ಮತ್ತೆ ತುಂಬಿಸಿ, ಹೊಸ್ತಿಲ ಮೇಲೆ ತಾವೇ ಇಟ್ಟು, ಸೊಸೆಯ ಕಡೆ ತಿರುಗಿದರು. "ಬಾಬೇ ಗಿರಿಜಾ. ನೀನೂ ಒಮ್ಮೆ ಸರಿಯಾಗಿ ಒಳಗ ಬಾ."

ಗಿರಿಜಕ್ಕ ಆ ಕಡೆ ಈ ಕಡೆ ನೋಡಿದರು. ಐವತ್ತಾರು ವರ್ಷದ ಹೆಂಗಸು, ಮಗನ ಮದುವೆಯ ದಿನ, ಅಷ್ಟು ಜನರ ಮುಂದೆ. ಆಮೇಲೆ ಹೊಸ್ತಿಲ ಹೊರಗೆ ಹೋದರು, ಚಳಿಯಲ್ಲಿ ನಿಂತು ಕಾಲ್ಚೀಲ ಬಿಚ್ಚಿದರು, ಸೊಟ್ಟ ಉಗುರಿನ ಹೆಬ್ಬೆರಳನ್ನು ಮುಂದೆ ಚಾಚಿದರು.